ಹೊಲವಿಲ್ಲದ ತಿಪ್ಪೆ

ನಮ್ಮವ್ವ ಈ ಬಾಟಕ್ಕೆ ಬಂದ ಮೇಲೆ ಮೊದಲು ಕಟ್ಟಿದ್ದು ಒಲೆಯಲ್ಲ, ತಿಪ್ಪೆ. ಬಾಟ ಅಂದರೆ ಗೋವಾದಲ್ಲಿ ತೆಂಗಿನ ತೋಟ. ಫಾತೋರ್ಡಾದ ಹೊಸ ಕಟ್ಟಡಗಳ ಬೆನ್ನಿಗೇ ಕೆಂಪು ಕಲ್ಲಿನ ಗೋಡೆಯೊಳಗೆ ಉಳಿದುಕೊಂಡಿರುವ ಈ ಬಾಟದ ಮೂಲೆಯಲ್ಲಿ ಎರಡು ಕೋಣೆಯ ಮನೆಯೊಂದಿದೆ. ಇಪ್ಪತ್ತು ವರ್ಷದ ಹಿಂದೆ, ಅಪ್ಪ ತೀರಿಕೊಂಡಾಗ, ಬಾಟದ ಒಡತಿ ಆ ಮನೆಯ ಕೀಲಿಯನ್ನು ಅವ್ವನ ಕೈಗೆ ಕೊಟ್ಟರು. ಗಿಡಕ್ಕೆ ನೀರು ಬಿಡಬೇಕು, ಬಿದ್ದ ಗರಿ ಎತ್ತಬೇಕು, ಕಾಯಿ ಕದಿಯುವವರ ಮೇಲೆ ಕಣ್ಣಿಡಬೇಕು, ಅಷ್ಟೇ ಕರಾರು. ಅವ್ವ ಕೇಳಿದ್ದು ಒಂದೇ ಪ್ರಶ್ನೆ: ಒಂದು ಆಕಳು ಕಟ್ಟಿಕೊಳ್ಳಬಹುದೇ? ಒಡತಿ ಹೂಂ ಅಂದರು. ಆಕಳು ಬರುವುದಕ್ಕೆ ಇನ್ನೂ ಎಂಟು ದಿನ ಇರುವಾಗಲೇ ಅವ್ವ ಹಲಸಿನ ಮರದ ಹತ್ತಿರ ಜಾಗ ಗುರುತು ಹಾಕಿ, ಮೂರು ಕಡೆ ಕೆಂಪು ಕಲ್ಲು ಜೋಡಿಸಿ, ತಿಪ್ಪೆಗೆ ಅಡಿಪಾಯ ಹಾಕಿಬಿಟ್ಟಿದ್ದಳು.

ನಮ್ಮದು ವಿಜಯಪುರದ ಕಡೆಯ ಒಣ ಊರು. ಅಲ್ಲಿ ವರನ ಮನೆ ನೋಡಲು ಬಂದ ಹಿರಿಯರು ಮೊದಲು ಒಳಗೆ ಹೋಗುವುದಿಲ್ಲ. ಮಾತಾಡುತ್ತಾ ಹಿತ್ತಲಿಗೆ ಹೋಗಿ ತಿಪ್ಪೆಯ ಸುತ್ತ ಒಂದು ಸುತ್ತು ಹಾಕುತ್ತಾರೆ. ಅಂಚು ನೆಟ್ಟಗಿದೆಯೇ, ಸೆಗಣಿಯ ಮೇಲೆ ಬೂದಿ, ಬೂದಿಯ ಮೇಲೆ ಕಸ ಅಂತ ಪದರು ಸರಿಯಾಗಿ ಬಿದ್ದಿದೆಯೇ, ಅಷ್ಟು ನೋಡಿದರೆ ಆ ಮನೆಯ ಹೆಂಗಸರ ಬಗ್ಗೆ ಇನ್ನೇನೂ ಕೇಳಬೇಕಾಗಿಲ್ಲ. ನಮ್ಮವ್ವ ಮನುಷ್ಯರನ್ನು ಅಳೆಯುವುದು ಇವತ್ತಿಗೂ ಹಾಗೆಯೇ. ಅಪ್ಪನ ಜತೆ ಗಾರೆ ಹೊತ್ತ ವರ್ಷಗಳಲ್ಲಿ, ಕಟ್ಟುತ್ತಿದ್ದ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ನನ್ನನ್ನು ಹೆತ್ತು ಬೆಳೆಸಿದ ವರ್ಷಗಳಲ್ಲಿ, ಆಕೆಗೆ ತನ್ನದು ಅಂತ ಒಂದು ತಿಪ್ಪೆ ಇರಲಿಲ್ಲ. ಆ ಕೊರಗನ್ನು ಆಕೆ ಬಾಯಿಬಿಟ್ಟು ಹೇಳಿದವಳಲ್ಲ. ಆದರೆ ಬಾಟದಲ್ಲಿ ತಿಪ್ಪೆ ಎದ್ದು ನಿಂತ ಮೇಲೆ ಆಕೆಯ ನಡಿಗೆಯೇ ಬದಲಾಯಿತು.

ದೀಪಾವಳಿಯ ಪಾಡ್ಯದ ದಿನ ಆಕೆ ಸೆಗಣಿಯಲ್ಲಿ ಪಾಂಡವರನ್ನು ಮಾಡಿ, ಉತ್ತರಾಣಿ ಕಡ್ಡಿ ಸಿಕ್ಕಿಸಿ, ಚೆಂಡು ಹೂ ಇಟ್ಟು, ಸಂಜೆಗೆ ತಿಪ್ಪೆಯ ಮೇಲೊಂದು ದೀಪ ಹಚ್ಚಿಡುತ್ತಿದ್ದಳು. ಗೋಡೆಯಾಚೆಯ ಫ್ಲ್ಯಾಟಿನ ಜನ ಬಾಲ್ಕನಿಗೆ ಬಂದು ನೋಡುತ್ತಿದ್ದರು. ಹುಡುಗಿಯಾಗಿದ್ದಾಗ ನನಗೆ ನಾಚಿಕೆಯಿಂದ ಸತ್ತುಹೋದಂತಾಗುತ್ತಿತ್ತು. ಕಸಕ್ಕೂ ಪೂಜೆ ಮಾಡುತ್ತಾರಲ್ಲ ಅಂತ ಅವರು ಆಡಿಕೊಳ್ಳುತ್ತಾರೆ ಅನ್ನುವುದೇ ನನ್ನ ಚಿಂತೆ. ಅವ್ವನಿಗೆ ಬಾಲ್ಕನಿ ಕಾಣಿಸುತ್ತಲೇ ಇರಲಿಲ್ಲ.

ಒಡತಿಯನ್ನು ನಾವು ಬಾಯಿ ಅನ್ನುತ್ತೇವೆ. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಮೊಣಕಾಲು ನೋವು ಬಿಟ್ಟರೆ ಬೇರೆ ಯಾವುದಕ್ಕೂ ಬಗ್ಗದವರು. ಮೂರು ವರ್ಷದ ಹಿಂದೆ, ಮುದಿಯಾಗಿ ವಾಲಿದ್ದ ಮರಗಳನ್ನು ತೆಗೆಸಿ, ಮಳೆಗಾಲದ ಮೊದಲ ವಾರ ಇಪ್ಪತ್ನಾಲ್ಕು ತೆಂಗಿನ ಸಸಿ ನೆಡಿಸಿದರು. ಆಗಲೇ ಅವರಿಗೆ ಎಪ್ಪತ್ತು ದಾಟಿತ್ತು. ಯಾರೋ ಬಂಧುಗಳು, ಈ ವಯಸ್ಸಿನಲ್ಲಿ ಯಾಕೆ ಬೇಕಿತ್ತು ಅಂದದ್ದಕ್ಕೆ, ಇವುಗಳ ಎಳನೀರು ಕುಡಿದೇ ನಾನು ಹೋಗುವುದು, ಅಲ್ಲಿಯವರೆಗೆ ಯಾರೂ ಗಡಿಬಿಡಿ ಮಾಡಬೇಡಿ ಅಂದುಬಿಟ್ಟರು. ಹೊಂಡ ತೋಡಿದ್ದು ಅವ್ವ. ಮೊದಲ ಬೇಸಿಗೆಯಲ್ಲಿ ಬಾವಿಯ ಪಂಪು ಕೆಟ್ಟಾಗ ಕೊಡದಲ್ಲಿ ನೀರು ಹೊತ್ತದ್ದೂ ಅವ್ವ. ‘ನನ್ನ ಇಪ್ಪತ್ನಾಲ್ಕು’ ಅಂತಲೇ ಆಕೆ ಅವುಗಳನ್ನು ಕರೆಯುತ್ತಿದ್ದಳು. ಬಾಯಿಯದು ಎಳನೀರಿನ ಆಸೆ, ಅವ್ವನದು ಬೆಳೆಸುವ ಆಸೆ.

ಹೋದ ವರ್ಷದ ಮಳೆ ಮುಗಿದ ಮೇಲೆ ಸಸಿಗಳ ಹೊಸ ಗರಿಗಳು ವಿಚಿತ್ರವಾಗಿ ಬಿಚ್ಚತೊಡಗಿದವು. ಶಾಲೆಯ ಮಕ್ಕಳು ಕಾಗದ ಮಡಚಿ ಕತ್ತರಿ ಆಡಿಸಿ ಆಮೇಲೆ ಬಿಡಿಸುತ್ತಾರಲ್ಲ, ಹಾಗೆ ಎರಡೂ ಬದಿಗೆ ಸಮನಾಗಿ ಕತ್ತರಿಸಿದ ಗರಿ. ನಡುವಿನ ಸುಳಿಯ ಬುಡದಲ್ಲಿ ಅಗಿದು ಉಗುಳಿದಂಥ ಒದ್ದೆ ನಾರು. ಇಲ್ಲಿ ತೆಂಗಿನ ಮರ ಹತ್ತಿ ಕಾಯಿ ಕೀಳುವವನಿಗೆ ಪಾಡೇಲಿ ಅನ್ನುತ್ತಾರೆ; ಆ ವಾರ ಬಂದ ಪಾಡೇಲಿ ಒಂದು ಸಸಿಯ ಸುಳಿಗೆ ಕುಡುಗೋಲಿನ ತುದಿ ಹಾಕಿ ಮೀಟಿದ. ಹೆಬ್ಬೆರಳಿನ ಗಾತ್ರದ ಕಪ್ಪು ದುಂಬಿಯೊಂದು ಹೊರಗೆ ಬಿತ್ತು. ಮೂಗಿನ ಮೇಲೆ ಹಿಂದಕ್ಕೆ ಬಾಗಿದ ಒಂದು ಕೊಂಬು.

‘ಹೊ ತುಮ್ಚೊ ಕಿಡೊ’ ಅಂದ ಆತ ನನ್ನ ಕಡೆ ನೋಡಿ. ಇದು ನಿಮ್ಮ ಹುಳ, ಘಟ್ಟದಾಚೆಯಿಂದ ಬಂದ ನಿಮ್ಮಂಥ ಘಾಟಿಗಳ ಸೆಗಣಿ ಲಾರಿಯಲ್ಲಿ ಕೂತು ಬಂದದ್ದು.

ನನಗೆ ಸಿಟ್ಟು ಬೇಗ ಬರುತ್ತದೆ, ಹೋಗುವುದು ನಿಧಾನ. ವಿಜಯಪುರದ ಕಡೆ ಕುಡಿಯುವ ನೀರಿಗೇ ಪಾಳಿ ಹಚ್ಚುತ್ತಾರೆ, ಅಲ್ಲಿ ನಿನ್ನ ತೆಂಗು ತಿನ್ನುವ ಹುಳ ಏನು ತಿಂದು ಬದುಕಬೇಕು ಅಂತ ಕೊಂಕಣಿಯಲ್ಲೇ ಕೇಳಿದೆ. ನಾನು ಹುಟ್ಟಿದ್ದು ಇದೇ ಫಾತೋರ್ಡಾದಲ್ಲಿ, ನೀನು ಮರ ಹತ್ತಲು ಕಲಿಯುವುದಕ್ಕಿಂತ ಮೊದಲು, ಅಂತಲೂ ಸೇರಿಸಿದೆ. ಆತ ನಕ್ಕು ಮುಂದಿನ ಮರ ಹತ್ತಿದ. ಕೆಟ್ಟವನಲ್ಲ. ಇಳಿದು ಬಂದ ಮೇಲೆ ಸೈಕಲ್ಲಿನ ಕಡ್ಡಿಯನ್ನು ಬಗ್ಗಿಸಿ ಕೊಕ್ಕೆ ಮಾಡಿ, ಸುಳಿಯೊಳಗಿನ ದುಂಬಿಯನ್ನು ಚುಚ್ಚಿ ಎಳೆಯುವುದು ಹೇಗೆ ಅಂತ ನನಗೆ ತೋರಿಸಿಕೊಟ್ಟವನೂ ಆತನೇ. ಆದರೆ ‘ನಿಮ್ಮ ಹುಳ’ ಅನ್ನುವ ಮಾತು ನನ್ನ ಗಂಟಲಲ್ಲಿ ಮುಳ್ಳಾಗಿ ಉಳಿಯಿತು. ಮುಂದೆ ನಾನು ಮಾಡಿದ ತಪ್ಪಿಗೆಲ್ಲ ಆ ಮುಳ್ಳೇ ಕಾರಣ ಅಂತ ಹೇಳಿಕೊಳ್ಳಬಹುದಿತ್ತು. ಹೇಳಿಕೊಳ್ಳುವುದಿಲ್ಲ.

ಆ ಚಳಿಗಾಲವೆಲ್ಲ ನನ್ನದು ದುಂಬಿಯ ಬೇಟೆ. ನಾನು ವೆರ್ಣಾದ ಔಷಧಿ ಕಾರ್ಖಾನೆಯೊಂದರಲ್ಲಿ ಗುಳಿಗೆಯ ಪಟ್ಟಿ ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ಕಣ್ಣ ಮುಂದೆ ಸಾಗುವ ಪಟ್ಟಿಗಳಲ್ಲಿ ಒಡೆದದ್ದು, ಮುಕ್ಕಾದದ್ದು, ಖಾಲಿ ಗೂಡು ಕಂಡ ಕೂಡಲೇ ಎತ್ತಿ ಪಕ್ಕಕ್ಕೆ ಹಾಕಬೇಕು. ಎರಡನೇ ಪಾಳಿ ಇದ್ದಾಗ ಕಂಪನಿಯ ಬಸ್ಸು ಬರುವುದು ಮಧ್ಯಾಹ್ನ, ಹಾಗಾಗಿ ಬೆಳಗ್ಗೆಯೆಲ್ಲ ಬಾಟದಲ್ಲಿ. ಸುಳಿಯ ಬುಡದಲ್ಲಿ ನಾರು ಒದ್ದೆಯಿದ್ದರೆ ದುಂಬಿ ಒಳಗಿದೆ ಅಂತ ಅರ್ಥ, ಒಣಗಿದ್ದರೆ ಹೋಗಿದೆ. ಕೊಕ್ಕೆ ಒಳಗೆ ಹಾಕಿ ತಿರುವಿದರೆ ಕರಕ್ ಅಂತ ಒಂದು ಸದ್ದು. ಮೊದಲ ಸಲ ಕೊಕ್ಕೆ ಬಿಟ್ಟೇ ಓಡಿದ್ದೆ. ತಿಂಗಳಾಗುವಷ್ಟರಲ್ಲಿ ಅಕ್ಕಿಯಲ್ಲಿ ಕಲ್ಲು ಆರಿಸುವಷ್ಟು ಸಲೀಸಾಯಿತು. ಗರಿಯ ಕಂಕುಳಿಗೆ ಬೇವಿನ ಹಿಂಡಿಯನ್ನು ಮರಳಿನಲ್ಲಿ ಕಲಸಿ ತುಂಬಿದೆವು. ಡಾಂಬರು ಗುಳಿಗೆ ಇಟ್ಟು ಮೇಲೆ ಮರಳು ಮುಚ್ಚಿದೆವು. ಬಾಟವೆಲ್ಲ ಮದುವೆ ಸೀರೆ ಮಡಚಿಟ್ಟ ಟ್ರಂಕಿನ ವಾಸನೆ ಹೊಡೆಯತೊಡಗಿತು. ಒಡತಿ ಬಾಯಿ ಮೂಗಿಗೆ ಸೆರಗು ಹಿಡಿದೇ ದಿನಾ ಒಂದು ಸುತ್ತು ಬಂದು, ಕುಂಟುತ್ತಾ ಪ್ರತಿ ಸಸಿಯ ಮುಂದೂ ನಿಂತು ಹೋಗುತ್ತಿದ್ದರು.

ಆದರೂ ಹುಳ ಕಡಿಮೆಯಾಗಲಿಲ್ಲ. ನಾಲ್ಕು ತೆಗೆದರೆ ಮರುದಿನ ಐದು. ಆಗ ಬಾಯಿ ಕೃಷಿ ಕಚೇರಿಗೆ ಫೋನು ಮಾಡಿ ಒಂದು ಬಲೆ ಬಕೆಟ್ಟು ತರಿಸಿದರು. ಬಕೆಟ್ಟಿನ ಮುಚ್ಚಳದಿಂದ ಒಂದು ಪುಟ್ಟ ಚೀಟಿ ನೇತಾಡುತ್ತದೆ. ಅದರ ವಾಸನೆ ದುಂಬಿಗಳಿಗೆ ತಮ್ಮವರು ಕರೆದಂತೆ ಅನಿಸಿ ಹಾರಿ ಬಂದು ಒಳಗೆ ಬೀಳುತ್ತವೆ. ಅದನ್ನು ನಮ್ಮ ಮನೆಯ ಹತ್ತಿರದ ಕಂಬಕ್ಕೆ ನೇತುಹಾಕಿದೆವು. ಬೆಳಗ್ಗೆ ನೋಡಿದರೆ ಒಂಬತ್ತು ದುಂಬಿ. ಮರುದಿನ ಹನ್ನೊಂದು. ಇಷ್ಟೊಂದು ನಮ್ಮ ಮನೆಯ ಹತ್ತಿರವೇ ಯಾಕೆ ಅನ್ನುವ ಪ್ರಶ್ನೆ ನನ್ನ ತಲೆಗೂ ಬಂತು. ಬಂದ ಕೂಡಲೇ ಅದನ್ನು ಓಡಿಸಿದೆ. ಪಾಡೇಲಿ ನೋಡಿದರೆ ಏನಂದಾನು ಅನ್ನುವುದಷ್ಟೇ ನನಗೆ ಮುಖ್ಯವಾಯಿತು. ಯಾರಿಗೂ ಹೇಳದೆ ಬಕೆಟ್ಟನ್ನು ಬಾಟದ ಆಚೆ ತುದಿಗೆ, ಪಕ್ಕದವರ ಗೋಡೆಯ ಹತ್ತಿರ ಕಟ್ಟಿದೆ. ಅಲ್ಲಿ ಅವರ ಹಳೆಯ ತೆಂಗಿನ ಬೊಡ್ಡೆಯೊಂದು ಕೊಳೆಯುತ್ತಾ ಬಿದ್ದಿತ್ತು. ಹುಳ ಅಲ್ಲಿಂದ ಬರಲಿ ಅಂತ ನನಗೆ ಆಸೆ. ಅಲ್ಲಿ ಬಿದ್ದದ್ದು ದಿನಕ್ಕೆ ಎರಡೋ ಮೂರೋ. ನೋಡಿ ಬಾಯಿ, ಕಡಿಮೆಯಾಗುತ್ತಿದೆ ಅಂದೆ. ಅವರು ನಂಬಿದರು.

ಮಾರ್ಚ್ ತಿಂಗಳ ಒಂದು ಬೆಳಗ್ಗೆ ಕೃಷಿ ಕಚೇರಿಯಿಂದ ಒಬ್ಬ ಅಧಿಕಾರಿ ಬಂದರು. ನನ್ನ ವಯಸ್ಸಿನ ಹೆಂಗಸು, ಬೂಟು ಹಾಕಿಕೊಂಡು ಮಣ್ಣಿನಲ್ಲಿ ನಡೆದು ಅಭ್ಯಾಸವಿದ್ದವರು. ಆ ದಿನ ಮೊಣಕಾಲು ನೋವು ಹೆಚ್ಚಾಗಿ ಬಾಯಿ ಮನೆಯಲ್ಲೇ ಉಳಿದರು. ಅಧಿಕಾರಿ ಸಸಿಗಳನ್ನು ನೋಡಿದರು, ಬಕೆಟ್ಟು ನೋಡಿದರು, ಆಮೇಲೆ ಅತ್ತಿತ್ತ ಮೂಗು ಹೊರಳಿಸಿ, ಇಲ್ಲಿ ಆಕಳಿದೆಯಲ್ಲ, ಸೆಗಣಿ ಎಲ್ಲಿ ಹಾಕುತ್ತೀರಿ ಅಂತ ಕೇಳಿದರು. ಅವ್ವನಿಗೆ ಬಾಯಿಯ ಜತೆ ಆಡುವಷ್ಟು, ಮೀನು ಕೊಳ್ಳುವಷ್ಟು ಕೊಂಕಣಿ ಬರುತ್ತದೆ. ಇಂಗ್ಲಿಷ್ ಬೆರೆಸಿ ಓಡಿಸುವ ಇವರ ಕೊಂಕಣಿ ಆಕೆಗೆ ಹತ್ತಲಿಲ್ಲ. ಆದರೆ ‘ಶೆಣ್’ ಅನ್ನುವುದು ಸೆಗಣಿ ಅಂತ ತಿಳಿದು ಮುಖ ಅರಳಿತು.

‘ಬರ್ರಿ ಮೇಡಂ, ತಿಪ್ಪಿ ತೋರಸ್ತೇನಿ ಬರ್ರಿ’ ಅಂತ ಸೆರಗು ಸಿಕ್ಕಿಸಿಕೊಂಡು ಮುಂದೆ ನಡೆದಳು. ವರನ ಮನೆ ನೋಡಲು ಬಂದ ಹಿರಿಯರನ್ನು ಕರೆದೊಯ್ಯುವ ಹಾಗೆಯೇ ಕರೆದೊಯ್ದಳು. ತಿಪ್ಪೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಮೇಲಿನ ಒಣ ಪದರನ್ನು ಸರಿಸಿ, ಮೊಣಕೈವರೆಗೆ ಕೈ ಹಾಕಿ ಒಳಗಿನ ಕಪ್ಪು ಗೊಬ್ಬರವನ್ನು ಬೊಗಸೆಯಲ್ಲಿ ಎತ್ತಿದಳು. ಅದರೊಳಗೆ ಹೆಬ್ಬೆರಳು ದಪ್ಪದ, ಬಿಳಿಯ, ಕೆಂಪು ತಲೆಯ ನಾಲ್ಕೈದು ಗೊಣ್ಣೆ ಹುಳುಗಳು ಮುದುಡಿಕೊಂಡು ಹೊರಳುತ್ತಿದ್ದವು.

‘ನೋಡ್ರಿ, ಎಷ್ಟ ಚಲೋ ಬಲತೈತಿ. ಗೊಣ್ಣಿ ಎಷ್ಟ ದಪ್ಪ ಅದಾವ ನೋಡ್ರಿ! ಗೊಬ್ಬರಕ್ಕ ಜೀವ ಬಂತಂದ್ರನ ಇವು ಬರೂದು.’

ನಮ್ಮ ಕಡೆ ಅದು ಎಲ್ಲರೂ ಆಡುವ ಮಾತು. ತಿಪ್ಪೆಯಲ್ಲಿ ಗೊಣ್ಣೆ ಹುಟ್ಟಿದರೆ ಗೊಬ್ಬರ ಪಕ್ವವಾಯಿತು ಅಂತ ಲೆಕ್ಕ. ಅಧಿಕಾರಿ ಒಂದು ಹುಳವನ್ನು ಅಂಗೈ ಮೇಲೆ ಇಟ್ಟುಕೊಂಡು ತಿರುಗಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ, ಒಂದೊಂದೇ ಮಾತು ಹೇಳಿದರು. ಇದೇ ಆ ದುಂಬಿಯ ಮರಿ, ನಿಮ್ಮ ಸಸಿ ತಿನ್ನುವ ಹುಳ ಹುಟ್ಟುತ್ತಿರುವುದು ಇಲ್ಲೇ. ಇಷ್ಟು ಅಚ್ಚುಕಟ್ಟಾದ ಗೊಬ್ಬರದ ರಾಶಿಯನ್ನು ನಾನು ನೋಡಿಲ್ಲ, ಆದರೆ ಇಂಥದ್ದಕ್ಕೆ ವರ್ಷ ವರ್ಷ ಖಾಲಿ ಮಾಡಲು ಒಂದು ಹೊಲ ಇರಬೇಕಿತ್ತು. ಪೂರ್ತಿ ತೆಗೆದು ಬಿಸಿಲಿಗೆ ಹರವಿ ಹುಳ ಆರಿಸಿ, ತಡ ಮಾಡಬೇಡಿ, ಸಸಿಗಳ ಸುಳಿ ಹೋದರೆ ಮತ್ತೆ ಚಿಗುರುವುದಿಲ್ಲ. ತಾನು ಮಧ್ಯಾಹ್ನದೊಳಗೆ ಸಾವರ್ಡೆ ಕಡೆ ಹೋಗಬೇಕು, ನೀವೇ ತಾಯಿಗೂ ಒಡತಿಗೂ ತಿಳಿಸಿ ಹೇಳಿ ಅಂದರು.

‘ಏನಂತಾರ?’ ಅಂತ ಅವ್ವ ಕೇಳಿದಳು. ಕೈಯಲ್ಲಿ ಇನ್ನೂ ಗೊಬ್ಬರ ಹಿಡಿದೇ ಇದ್ದಳು. ಆಕೆಯ ಮುಖ ನೋಡಿದೆ. ಇಪ್ಪತ್ತು ವರ್ಷ ಕಟ್ಟಿದ್ದನ್ನು ಪರರಿಗೆ ತೋರಿಸುತ್ತಿರುವ ಹೆಂಗಸಿನ ಮುಖ ಅದು.

‘ಗೊಬ್ಬರ ಭಾಳ ಚಲೋ ಐತಿ ಅಂತಾರವ್ವ’ ಅಂದೆ.

ಅಷ್ಟೇ. ಅಧಿಕಾರಿ ತಲೆಯಾಡಿಸಿ ಹೋದರು, ನಾನು ಎಲ್ಲವನ್ನೂ ಹೇಳಿದೆ ಅಂತ ತಿಳಿದರು. ಬಾಯಿಯ ಹತ್ತಿರ ಹೋಗಿ, ಅಧಿಕಾರಿ ಬಲೆ ಮುಂದುವರಿಸಲು ಹೇಳಿದರು ಅಂದೆ. ಕಾರ್ಖಾನೆಯಲ್ಲಿ ದಿನಕ್ಕೆ ಸಾವಿರಾರು ಪಟ್ಟಿ ನೋಡಿ ಮುಕ್ಕಾದದ್ದನ್ನು ಕಣ್ಣು ಮಿಟುಕಿಸುವುದರಲ್ಲಿ ಎತ್ತಿ ಹಾಕುವವಳು, ನನ್ನದೇ ಮಾತಿನ ಮುಕ್ಕನ್ನು ಕಂಡೂ ಮುಂದೆ ಹೋಗಲು ಬಿಟ್ಟೆ. ಪಾಡೇಲಿಯ ಮಾತು ನಿಜವಾಗಿಬಿಡುತ್ತದಲ್ಲ ಅನ್ನುವ ಉರಿ ಒಂದು ಕಡೆ. ಬಾಟದಿಂದ ಕಳಿಸಿಬಿಟ್ಟರೆ ಅನ್ನುವ ಹೆದರಿಕೆ ಇನ್ನೊಂದು ಕಡೆ. ಇವೆರಡಕ್ಕಿಂತ ದೊಡ್ಡದಾಗಿ, ಈ ಮಾತು ಕೇಳಿದರೆ ಅವ್ವ ಒಡೆದುಹೋಗುತ್ತಾಳೆ ಅಂತ ನನಗನಿಸಿತ್ತು. ಆಕೆಯನ್ನು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೆ.

ನಾಲ್ಕು ದಿನ ಬಿಟ್ಟು ಪಾಳಿ ಮುಗಿಸಿ ಬಂದವಳು ಸಸಿಗಳ ಕಡೆ ಹೋದೆ. ಇಪ್ಪತ್ನಾಲ್ಕು ಸಸಿಗಳ ಪಾತಿಗೂ ಒಂದೊಂದು ಬುಟ್ಟಿ ಹೊಸ ಗೊಬ್ಬರ ಬಿದ್ದಿತ್ತು.

‘ಮೇಡಂ ಅಷ್ಟ ಚಲೋ ಐತಿ ಅಂದ್ರಲ್ಲ, ಸಸಿ ಸೊರಗ್ಯಾವ, ಅದಕ್ಕ ಹಾಕೇನಿ’ ಅಂದಳು ಅವ್ವ, ಸೊಂಟ ಹಿಡಿದುಕೊಂಡು. ಒಬ್ಬಳೇ ಹೊತ್ತಿದ್ದಳು. ನನ್ನ ಸುಳ್ಳು ಬುಟ್ಟಿಯಲ್ಲಿ ಕೂತು, ಅವ್ವನ ತಲೆಯ ಮೇಲೆ ಸವಾರಿ ಮಾಡಿ, ಸಸಿಗಳ ಬುಡಕ್ಕೇ ಹೋಗಿ ಇಳಿದಿತ್ತು.

ಆಗಲಾದರೂ ಹೇಳಬೇಕಿತ್ತು. ಹೇಳುವ ಬದಲು ನಾನು ಕಂಡುಕೊಂಡ ದಾರಿ ನೆನೆದರೆ ಈಗ ನಗುವೂ ಬರುತ್ತದೆ, ಮುಖ ಮುಚ್ಚಿಕೊಳ್ಳಬೇಕು ಅಂತಲೂ ಅನಿಸುತ್ತದೆ. ಅವ್ವ ಆಕಳ ಹಾಲು ಕೊಡಲು ಮನೆಮನೆಗೆ ಹೋದ ಹೊತ್ತು ನೋಡಿ, ಒಂದು ಹಳೆಯ ಎಣ್ಣೆ ಡಬ್ಬಿ ಹಿಡಿದು, ಪಾತಿಯಿಂದ ಪಾತಿಗೆ ಹೋಗಿ ಗೊಣ್ಣೆ ಆರಿಸತೊಡಗಿದೆ. ಸಿಕ್ಕಷ್ಟನ್ನು ಉಪ್ಪುನೀರಿನಲ್ಲಿ ಮುಳುಗಿಸಿ ಗೋಡೆಯ ಪಕ್ಕ ಹೂಳುವುದು. ಪಾತಿಯಲ್ಲಿ ಆರಿಸಿದ್ದೇನೋ ಸರಿ, ತಿಪ್ಪೆ ಇದ್ದಲ್ಲೇ ಇತ್ತು. ಅದರೊಳಗಿಂದ ದುಂಬಿಗಳು ದಿನಾ ಹೊತ್ತು ಮುಳುಗುವಾಗ ಎದ್ದು ಹಾರುತ್ತಿದ್ದವು. ಒಡೆದ ಕೊಡಕ್ಕೆ ಬೆರಳು ಅಡ್ಡ ಹಿಡಿದಂತಿತ್ತು ನನ್ನ ಕೆಲಸ.

ಅದೇ ದಿನಗಳಲ್ಲಿ ಬಾವಿಯ ಹತ್ತಿರದ ಸಸಿಯ ಸುಳಿಯನ್ನು ಹಿಡಿದು ಮೆಲ್ಲಗೆ ಎಳೆದೆ, ಅದು ಸಲೀಸಾಗಿ ಕೈಗೇ ಬಂತು. ತುದಿ ಕೊಳೆತು ನಾರುತ್ತಿತ್ತು. ದುಂಬಿ ಕೊರೆದ ತೂತಿನಿಂದ ಕೆಂಪು ಮೂತಿಯ ಇನ್ನೊಂದು ಹುಳ ಒಳಗೆ ಹೊಕ್ಕಿತ್ತು. ಮೊದಲನೆಯದು ಬಾಗಿಲು ತೆಗೆದರೆ ಎರಡನೆಯದು ಮನೆ ಹಾಳು ಮಾಡುತ್ತದೆ. ವಾರದೊಳಗೆ ಇನ್ನೆರಡು ಸಸಿ ಹಾಗೇ ಹೋದವು. ಬಾಯಿ ಅವುಗಳ ಮುಂದೆ ಕೋಲೂರಿ ಬಹಳ ಹೊತ್ತು ನಿಂತರು. ‘ಇನ್ನು ಇಪ್ಪತ್ತೊಂದು’ ಅಂದರು, ಅಷ್ಟೇ. ಅವ್ವ ಆ ದಿನ ಊಟ ಮಾಡಲಿಲ್ಲ. ನಾನು ಮಾಡಿದೆ.

ಮೇ ಮೊದಲ ವಾರ, ಹಾಲು ಕೊಡಲು ಹೋದ ಅವ್ವ ಏನೋ ಮರೆತು ಬೇಗ ವಾಪಸು ಬಂದಳು. ನಾನು ಮಣ್ಣಿನಲ್ಲಿ ಮಂಡಿಯೂರಿ, ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಪಾತಿ ಕೆದಕುತ್ತಿದ್ದೆ.

‘ಏನ ಮಾಡಾಕತ್ತೀ?’

ಡಬ್ಬಿಯನ್ನು ಹಿಂದಕ್ಕೆ ಸರಿಸಿದೆ. ಅವ್ವ ಡಬ್ಬಿಯೊಳಗೆ ಬಗ್ಗಿ ನೋಡಿದಳು. ಅವತ್ತು ಕೈಗೆ ಸಿಕ್ಕದ್ದರಲ್ಲಿ ಮಣ್ಣಿನ ಗೂಡಿನಂಥದ್ದೂ ಒಂದಿತ್ತು. ಆಕೆ ಅದನ್ನು ಎತ್ತಿ ಎರಡು ಬೆರಳಲ್ಲಿ ಒತ್ತಿದಳು. ಗೂಡು ಒಡೆಯಿತು. ಒಳಗೆ ಇನ್ನೂ ಬಣ್ಣ ಬಲಿಯದ, ಕಂದು ಬಣ್ಣದ ದುಂಬಿ, ಮೂಗಿನ ಮೇಲೆ ಕೊಂಬು. ಅವ್ವ ಗೊಣ್ಣೆಯನ್ನೂ ನೋಡಿದಳು, ದುಂಬಿಯನ್ನೂ ನೋಡಿದಳು. ಓದು ಬರಹ ಕಲಿಯದ ಹೆಂಗಸಿಗೆ ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

‘ಇದು ನನ್ನ ತಿಪ್ಪ್ಯಾಗಿಂದು’ ಅಂದಳು. ಆಮೇಲೆ, ‘ನಿನಗ ಗೊತ್ತಿತ್ತೇನ?’

ಹೂಂ ಅಂದೆ. ಬೈಯುತ್ತಾಳೆ ಅಂದುಕೊಂಡೆ, ಅಳುತ್ತಾಳೆ ಅಂದುಕೊಂಡೆ. ಆಕೆ ಎದ್ದು ಹೋಗಿ ಸಲಿಕೆ ತಂದಳು.

ತಿಪ್ಪೆ ಬಗೆದು ಮುಗಿಸಲು ಮೂರು ದಿನ ಬೇಕಾಯಿತು. ನಾನು ರಜೆ ಹಾಕಿ ಬುಟ್ಟಿ ಹೊತ್ತೆ. ಬಾಯಿಯ ಮನೆಯ ಮುಂದಿನ ಬಯಲಿನಲ್ಲಿ, ಕಾಲಿಟ್ಟರೆ ಸುಡುವ ಕೆಂಪು ನೆಲದ ಮೇಲೆ, ಇಪ್ಪತ್ತು ವರ್ಷದ ಗೊಬ್ಬರವನ್ನು ತೆಳ್ಳಗೆ ಹರವಿದೆವು. ಗೊಣ್ಣೆಗಳು ಬಿಸಿಲಿಗೆ ಮಿಸುಕಾಡಿದವು. ಕಾಗೆ, ಬೆಳ್ಳಕ್ಕಿ, ಪಕ್ಕದ ಮನೆಯ ಕೋಳಿ ಎಲ್ಲ ಹಬ್ಬದೂಟಕ್ಕೆ ಕರೆದವರಂತೆ ಬಂದವು. ಅವ್ವ ಸಲಿಕೆ ಊರಿ ನಿಂತು ಆ ಹಕ್ಕಿಗಳನ್ನೇ ನೋಡಿದಳು.

‘ಊರಾಗ ಹಿಂಗ ಇತ್ತು’ ಅಂದಳು. ‘ಮಳಿಗಿಂತ ಮೊದಲ ಚಕ್ಕಡ್ಯಾಗ ಹೇರಿ ಹೊಲಕ್ಕ ಒಯ್ದು ಹರವ್ತಿದ್ವಿ. ಹಿಂಗ ಹಕ್ಕಿ ಬರ್ತಿದ್ದು. ನಾ ಇಲ್ಲಿ ಬಂದು ತಿಪ್ಪಿ ಕಟ್ಟೂದ ಅಷ್ಟ ನೆನಪಿಟ್ಟೆ. ಒಯ್ಯೂದು ಮರತೆ. ಒಯ್ಯಾಕ ಹೊಲ ಎಲ್ಲಿತ್ತು?’

ಅಧಿಕಾರಿ ಹೊಲ ಅಂದಾಗಲೂ ನಾನು ಇದನ್ನು ಯೋಚಿಸಿರಲಿಲ್ಲ. ಊರಿನ ತಿಪ್ಪೆ ಪ್ರತಿ ವರ್ಷ ನೆಲದ ಮಟ್ಟಕ್ಕೆ ಖಾಲಿಯಾಗಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅದರೊಳಗೆ ಏನೇ ಹುಟ್ಟಿದ್ದರೂ ಬಿಸಿಲಿಗೆ, ಹಕ್ಕಿಗೆ ಹೋಗುತ್ತದೆ. ನಮ್ಮದು ಇಲ್ಲಿ, ನಾಲ್ಕು ತಿಂಗಳ ಮಳೆಯಲ್ಲಿ ನೆನೆಯುತ್ತಾ, ಮೇಲೆ ಮೇಲೆ ಬೆಳೆಯುತ್ತಾ, ಅಡಿಯ ಪದರು ಒಮ್ಮೆಯೂ ಬೆಳಕು ಕಾಣದೆ ಉಳಿದಿತ್ತು. ಹೊರಟು ಬರುವಾಗ ಅವ್ವನಿಗೆ ಸಂಪ್ರದಾಯದ ಅರ್ಧವನ್ನು ಮಾತ್ರ ತರಲು ಸಾಧ್ಯವಾಗಿತ್ತು. ಉಳಿದರ್ಧ ಹೊಲದ ಜತೆಗೇ ಅಲ್ಲಿ ಉಳಿದುಹೋಗಿತ್ತು. ಇದರಲ್ಲಿ ಆಕೆಯ ತಪ್ಪು ಎಷ್ಟು ಅಂತ ನಾನು ಇವತ್ತಿಗೂ ಅಳೆಯಲಾರೆ. ನನ್ನ ತಪ್ಪಿನ ಅಳತೆ ಮಾತ್ರ ಸರಿಯಾಗಿ ಗೊತ್ತು, ಅದು ಮೂರು ಸಸಿ.

ಮೂರನೆಯ ದಿನ ಸಂಜೆ ಅವ್ವ ಕೈಕಾಲು ತೊಳೆದು ಬಾಯಿಯ ಮುಂದೆ ಹೋಗಿ ನಿಂತಳು. ನಾನೂ ಹೋದೆ.

‘ಬಾಯ್, ಮ್ಹಜಿ ಚೂಕ್’ ಅಂದಳು. ಬಾಯಿ, ನನ್ನ ತಪ್ಪು. ಅದರ ಮುಂದಿನ ಕೊಂಕಣಿ ಆಕೆಗೆ ಸಿಗಲಿಲ್ಲ. ಉಳಿದದ್ದನ್ನು ನಾನು ಹೇಳಿದೆ. ಈ ಸಲ ಅಧಿಕಾರಿಯ ಭೇಟಿ, ಬಕೆಟ್ಟು ಸರಿಸಿದ್ದು, ನಾನು ಮುಚ್ಚಿಟ್ಟದ್ದು, ಏನನ್ನೂ ಬಿಡಲಿಲ್ಲ.

ಬಾಯಿ ಕನ್ನಡಕ ತೆಗೆದು ಒರೆಸಿದರು. ನನ್ನ ಗುಲಾಬಿಗೆ ಇಷ್ಟು ವರ್ಷ ಹಾಕಿದ್ದು ಆ ಗೊಬ್ಬರವೇ, ಎಲ್ಲಿಂದ ಬರುತ್ತದೆ, ಒಳಗೇನಿದೆ ಅಂತ ನಾನೂ ಒಮ್ಮೆ ಹೋಗಿ ನೋಡಿದವಳಲ್ಲ ಅಂದರು. ಆಮೇಲೆ ನನ್ನ ಕಡೆ ತಿರುಗಿದರು. ತಪ್ಪು ಉತ್ತರ ಬರೆದವರಿಗೆ ನಾನು ಅರ್ಧ ಅಂಕ ಕೊಟ್ಟದ್ದುಂಟು, ಉತ್ತರ ಗೊತ್ತಿದ್ದೂ ತಪ್ಪು ಬರೆದವರಿಗೆ ಏನು ಕೊಡಬೇಕು, ನೀನೇ ಹೇಳು ಅಂದರು. ಸತ್ತ ಮೂರು ಸಸಿಯ ಹೊಂಡವನ್ನು ನಾನೇ ತೋಡಿ, ಹೊಸ ಸಸಿ ನೆಟ್ಟು, ಅವು ಎದ್ದು ನಿಲ್ಲುವವರೆಗೆ ನೀರು ನಾನೇ ಹೊರಬೇಕು ಅಂತ ತೀರ್ಮಾನವಾಯಿತು. ಬಾಟ ಬಿಟ್ಟು ಹೋಗಿ ಅನ್ನುವ ಮಾತು ಅವರ ಬಾಯಿಂದ ಬರಲೇ ಇಲ್ಲ. ನಾನು ಅದಕ್ಕೆ ಹೆದರಿಯೇ ಎರಡು ತಿಂಗಳು ಕಳೆದಿದ್ದೆ.

ಈಗ ಸೆಗಣಿ ತಿಪ್ಪೆಯಾಗುವುದಿಲ್ಲ. ವಾರಕ್ಕೆರಡು ಸಲ ಹತ್ತಿರದ ಭತ್ತದ ಗದ್ದೆಯವರು ಒಯ್ಯುತ್ತಾರೆ. ಉಳಿದ ಅಷ್ಟಿಷ್ಟು ಒಂದು ಚಿಕ್ಕ ಗುಂಡಿಯಲ್ಲಿ, ಹುಳಕ್ಕೆ ರೋಗ ಹತ್ತಿಸುವ ಬೂಷ್ಟಿನ ಪುಡಿಯನ್ನು ಕಲಸಿಕೊಂಡು ಕೂತಿರುತ್ತದೆ. ಆ ಪುಡಿ ಕೊಟ್ಟದ್ದು ಅದೇ ಅಧಿಕಾರಿ. ಬಕೆಟ್ಟು ಮತ್ತೆ ನಮ್ಮ ಮನೆಯ ಹತ್ತಿರದ ಕಂಬಕ್ಕೇ ಬಂದಿದೆ. ಮಳೆ ಮುಗಿಯುವ ಹೊತ್ತಿಗೆ ಅದರಲ್ಲಿ ವಾರಕ್ಕೊಂದು ಬಿದ್ದರೆ ಹೆಚ್ಚು. ಪಾಡೇಲಿ ಬಂದು ಖಾಲಿ ಬಕೆಟ್ಟು ನೋಡಿ, ನಿಮ್ಮ ಹುಳ ಊರಿಗೆ ಹೋಯಿತೇನು ಅಂತ ರೇಗಿಸಿದ. ನಾನು ಬಾಯಿ ತೆರೆಯುವ ಮೊದಲೇ ಅವ್ವ ಕನ್ನಡದಲ್ಲೇ ಅಂದಳು, ‘ಹೌದ್ರಿ, ನನ್ನ ತಿಪ್ಪ್ಯಾಗ ಹುಟ್ಟಿತ್ತು, ನಂದ. ನಾನ ಕಳಸೇನಿ.’ ಆತ ನನ್ನ ಮುಖ ನೋಡಿದ. ಅದನ್ನು ಒಂದಕ್ಷರ ಬಿಡದೆ ಕೊಂಕಣಿಗೆ ತಂದು ಹೇಳಿದೆ. ಆತ ತಮಾಷೆ ನಿಲ್ಲಿಸಿ ಮರ ಹತ್ತಿದ.

ಈ ಸಲದ ದೀಪಾವಳಿಯ ಪಾಡ್ಯಕ್ಕೂ ಅವ್ವ ಸೆಗಣಿಯ ಪಾಂಡವರನ್ನು ಮಾಡಿದಳು. ಸಂಜೆ ದೀಪ ಹಚ್ಚಿಕೊಂಡು ಅಭ್ಯಾಸಬಲದಿಂದ ಹಲಸಿನ ಮರದವರೆಗೆ ನಡೆದು, ಮೂರು ಸಾಲು ಕಲ್ಲಿನ ನಡುವಿನ ಬರಿ ನೆಲದ ಮುಂದೆ ನಿಂತಳು. ನಾನು ಹಿಂದೆಯೇ ಇದ್ದೆ.

‘ಅವತ್ತು ಆ ಮೇಡಂ ಏನಂದಿದ್ರು? ಈಗರ ಖರೇ ಹೇಳು’ ಅಂದಳು, ತಿರುಗದೆ.

ಎಲ್ಲವನ್ನೂ ಹೇಳಿದೆ. ಹುಳ ಇಲ್ಲಿ ಹುಟ್ಟುತ್ತದೆ ಅಂದದ್ದು, ಇಷ್ಟು ಅಚ್ಚುಕಟ್ಟಾದ ತಿಪ್ಪೆ ಎಲ್ಲೂ ನೋಡಿಲ್ಲ ಅಂದದ್ದು, ಇದಕ್ಕೊಂದು ಹೊಲ ಇರಬೇಕಿತ್ತು ಅಂದದ್ದು, ತಡ ಮಾಡಬೇಡಿ ಅಂದದ್ದು. ಅವ್ವ ಗಾಳಿಗೆ ದೀಪ ಆರದಂತೆ ಅಂಗೈ ಅಡ್ಡ ಹಿಡಿದು ಕೇಳಿದಳು. ಆಮೇಲೆ ಬಾವಿಯ ಹತ್ತಿರ, ನಾನು ನೆಟ್ಟ ಸಸಿಯ ಬುಡಕ್ಕೆ ಹೋಗಿ ದೀಪ ಇಟ್ಟಳು.

‘ಇಷ್ಟ ಹೇಳಿದ್ರ ಸಾಕಿತ್ತಲ್ಲ ಮಗಳ. ಅವತ್ತ ಬಗದು ಹಾಕತಿದ್ದೆ. ಆ ಮೂರೂ ಉಳೀತಿದ್ದು.’